ಮರಡಿಕೆರೆಯ ಅವಳಿಗಳನ್ನು ಹೆತ್ತವಳು

ಕಾಮಾಕ್ಷಿಪಾಳ್ಯ, ಬೆಂಗಳೂರು
3 ಜುಲೈ 1972

ಶ್ರೀ ಎಂ. ಜಿ. ಶಿವಬಸಪ್ಪನವರಿಗೆ,
ಮುಖ್ಯೋಪಾಧ್ಯಾಯರು, ಮರಡಿಕೆರೆ

ಮಾನ್ಯರೇ, ನಮಸ್ಕಾರ.

ನಾನು ನಿಮಗೆ ಗುರುತಿಲ್ಲದವಳು ಎಂದೇ ಇಟ್ಟುಕೊಳ್ಳಿ. ಮಾಗಡಿ ರಸ್ತೆಯ ಒಂದು ಷೆಡ್ಡಿನಲ್ಲಿ ಷರ್ಟುಗಳಿಗೆ ಕಾಲರು ಹೊಲಿಯುತ್ತೇನೆ. ನನ್ನ ಮಗಳು ಪಂಕಜಾ ರಾಜಾಜಿನಗರದ ಶಾಲೆಯಲ್ಲಿ ಆರನೇ ಕ್ಲಾಸು ಓದುತ್ತಿದ್ದಾಳೆ. ಸ್ವಾತಂತ್ರ್ಯ ಬಂದು ಇಪ್ಪತ್ತೈದು ವರ್ಷವಾಯಿತೆಂದು ಅವಳ ಶಾಲೆಯಲ್ಲಿ ಮಕ್ಕಳಿಗೆ ಒಂದು ಪುಸ್ತಕ ಹಂಚಿದ್ದಾರೆ. ಹೆಸರು ‘ನಾಡವೀರ ಅವಳಿಗಳು’. ಬರೆದವರು ನೀವು.

ನಿನ್ನೆ ಮಗಳು ಅದನ್ನು ಗಟ್ಟಿಯಾಗಿ ಓದುತ್ತಿದ್ದಳು. ನನ್ನ ತಾಯಿ ಪಕ್ಕದಲ್ಲಿ ಕೂತು ಅಕ್ಕಿ ಆರಿಸುತ್ತಿದ್ದರು. ಮರಡಿಕೆರೆಯ ನೀರಿನ ಮೇಲೆ ಒಂದು ಬೆಳಗಿನ ಜಾವ ಎರಡು ತಾವರೆ ಅರಳಿದವು, ಒಂದರಲ್ಲಿ ಸುವರ್ಣವೀರ, ಇನ್ನೊಂದರಲ್ಲಿ ರಜತವೀರ ಮಲಗಿದ್ದರು, ಭಾರತಾಂಬೆಯ ಸೆರೆ ಬಿಡಿಸಲು ಕೆರೆಯಮ್ಮನೇ ಅವರನ್ನು ಕಳುಹಿಸಿದಳು ಎಂದು ನೀವು ಬರೆದಿದ್ದೀರಿ. ನಲವತ್ತೆರಡರಲ್ಲಿ ಚಾವಡಿಯ ಮೇಲೆ ಬಾವುಟ ಕಟ್ಟಿ, ಪೊಲೀಸರ ಗುಂಡಿಗೆ ಎದೆಯೊಡ್ಡಿ, ಬಂದಲ್ಲಿಗೇ ಹಿಂತಿರುಗಿದರು ಎಂದೂ ಬರೆದಿದ್ದೀರಿ. ನಡುವೆ ಒಂದು ಸಾಲಿದೆ: “ಯಾವ ಹೆಣ್ಣಿನ ಗರ್ಭವೂ ಅವರನ್ನು ಹೊರಲಿಲ್ಲ, ಊರೇ ತಾಯಿತಂದೆಯಾಗಿ ಅವರನ್ನು ಸಾಕಿತು.”

ನನ್ನ ತಾಯಿ ಮೊರ ಕೆಳಗಿಟ್ಟು, “ಅವರಮ್ಮ ಎಲ್ಲೋದ್ಲಂತೆ?” ಎಂದು ಕೇಳಿದರು. ಮಗಳು, “ಅಮ್ಮ ಇಲ್ಲ ಅಜ್ಜಿ, ಅವರು ದೇವರ ಮಕ್ಕಳು” ಎಂದಳು. ನನ್ನ ತಾಯಿ ಎದ್ದು ಹಿತ್ತಲಿಗೆ ಹೋದರು. ಅಂದು ಅವರು ಊಟ ಮಾಡಲಿಲ್ಲ.

ನನಗೆ ತಿಳಿಯಬೇಕಾದದ್ದು ಇಷ್ಟೇ. ತಾವರೆಯನ್ನು ಕಂಡವರು ಯಾರು? ಹುಟ್ಟಿದ ಮಗುವಿಗೆ ಹಾಲು ಬೇಕು, ಎರಡಕ್ಕೆ ಎರಡರಷ್ಟು ಬೇಕು. ಅದನ್ನು ಕೊಟ್ಟವರು ಯಾರು? ಊರು ಸಾಕಿತು ಎಂದರೆ ಯಾರ ಮನೆ ಸಾಕಿತು? ಅವರು ಯಾರ ಮನೆಯ ಒಲೆಯ ಮುಂದೆ ಉಂಡರು?

ನನ್ನ ತಾಯಿಯೂ ಆ ಸೀಮೆಯವರೇ. ಉತ್ತರ ಬಂದರೆ ಓದಿ ಹೇಳುತ್ತೇನೆ.

ಇತಿ,
ಪುಟ್ಟಲಕ್ಷ್ಮಿ


ಮರಡಿಕೆರೆ
12 ಜುಲೈ 1972

ಸೋದರಿ ಶ್ರೀಮತಿ ಪುಟ್ಟಲಕ್ಷ್ಮಿಯವರಿಗೆ ಆಶೀರ್ವಾದಗಳು.

ತಮ್ಮ ಪತ್ರ ತಲುಪಿತು. ರಾಜಧಾನಿಯ ಶ್ರಮಜೀವಿ ಮಹಿಳೆಯೊಬ್ಬರು ನನ್ನ ಅಲ್ಪ ಕೃತಿಯನ್ನು ಇಷ್ಟು ಆಸಕ್ತಿಯಿಂದ ಕೇಳಿಸಿಕೊಂಡದ್ದು ನನ್ನ ಭಾಗ್ಯ. ಈ ಪುಸ್ತಕ ಈಗಾಗಲೇ ಹಲವು ಜಿಲ್ಲೆಗಳ ಶಾಲೆಗಳಿಗೆ ಹೋಗಿದೆ. ಮುಂದಿನ ವರ್ಷ ಇದರ ಮುಖ್ಯ ಭಾಗವನ್ನು ಪಠ್ಯದಲ್ಲಿಯೇ ಸೇರಿಸುವ ಮಾತು ನಡೆದಿದೆ ಎಂದು ತಿಳಿಸಲು ಹರ್ಷಿಸುತ್ತೇನೆ.

ತಮ್ಮ ಸಂದೇಹ ಸಹಜವಾದದ್ದು. ಆದರೆ ನಮ್ಮ ನಾಡಿನಲ್ಲಿ ಮಹಾಪುರುಷರು ಸಾಮಾನ್ಯರಂತೆ ಹುಟ್ಟಿದ್ದು ಕಡಿಮೆ. ಯಜ್ಞಕುಂಡದಲ್ಲಿ ಹುಟ್ಟಿದವರಿದ್ದಾರೆ, ಕೊಡದಲ್ಲಿ ಹುಟ್ಟಿದವರಿದ್ದಾರೆ, ನೇಗಿಲ ಸಾಲಿನಲ್ಲಿ ಸಿಕ್ಕವರಿದ್ದಾರೆ. ಅವರನ್ನು ಅಯೋನಿಜರೆನ್ನುತ್ತೇವೆ. ಸೂತಕದ ಸೋಂಕಿಲ್ಲದ ಜನನ ಅದು. ದೇಶಕ್ಕಾಗಿ ಪ್ರಾಣ ಕೊಡುವ ತೇಜಸ್ಸು ಮಾಂಸರಕ್ತದಿಂದ ಬರಲು ಸಾಧ್ಯವೇ? ಊರಿನ ಹಿರಿಯರ ಬಾಯಿಂದ ಕೇಳಿದ್ದನ್ನೇ ನಾನು ಬರೆದಿದ್ದೇನೆ.

ಹಾಲಿನ ವಿಷಯ ಕೇಳಿದ್ದೀರಿ. ಒಳ್ಳೆಯ ಪ್ರಶ್ನೆ. ಗೋಮಾಳದ ಕಪಿಲೆ ಹಸುವೊಂದು ತಾನಾಗಿ ಕೆರೆಯ ದಂಡೆಗೆ ಬಂದು ಹಾಲು ಸುರಿಸುತ್ತಿತ್ತು. ಇದನ್ನು ಮೊದಲ ಮುದ್ರಣದಲ್ಲಿ ಬಿಟ್ಟದ್ದು ನನ್ನ ತಪ್ಪು, ಎರಡನೆಯದರಲ್ಲಿ ಖಂಡಿತ ಸೇರಿಸುತ್ತೇನೆ.

ಆಗಸ್ಟ್ ಹದಿನೈದರಂದು ಇಲ್ಲಿ ಸ್ಮಾರಕದ ಉದ್ಘಾಟನೆ ಇದೆ. ನಮ್ಮ ಶಾಲೆಯ ಮಕ್ಕಳು ‘ತಾವರೆಯಲ್ಲಿ ತೇಜ’ ನಾಟಕ ಆಡುತ್ತಾರೆ. ತಾವೂ ತಾಯಿಯವರೂ ಬಂದರೆ ಸಂತೋಷ. ಅವರು ಈ ಸೀಮೆಯವರು ಎಂದಿದ್ದೀರಿ. ಯಾವ ಊರು, ಯಾವ ಮನೆತನ?

ತಮ್ಮ ವಿಶ್ವಾಸಿ,
ಎಂ. ಜಿ. ಶಿವಬಸಪ್ಪ


ಕಾಮಾಕ್ಷಿಪಾಳ್ಯ
17 ಜುಲೈ 1972

ಶಿವಬಸಪ್ಪನವರೇ,

ಹಸುವಿನ ಮಾತು ಓದಿದಾಗ ನನ್ನ ತಾಯಿ ನಕ್ಕುಬಿಟ್ಟರು. “ಹಸಾನಾ? ನನ್ನ ಹಸಾ ಮಾಡ್ಬಿಟ್ನಾ?” ಎಂದರು.

ಯಾವ ಊರು ಎಂದು ಕೇಳಿದ್ದೀರಿ. ನಿಮ್ಮದೇ ಊರು. ಯಾವ ಮನೆತನ ಎಂದು ಕೇಳಿದ್ದೀರಿ. ಕೆರೆಯ ತೂಬು ತೆಗೆದು ಮುಚ್ಚಿ, ಊರಿನ ಗದ್ದೆಗಳಿಗೆಲ್ಲ ನೀರು ಬಿಡುತ್ತಿದ್ದ ನೀರುಗಂಟಿಯ ಮನೆತನ. ನನ್ನ ತಂದೆ ನೀರುಗಂಟಿ ದ್ಯಾವಪ್ಪ. ತಾಯಿ ಅಂಜನಮ್ಮ. ನಿಮ್ಮ ಸುವರ್ಣವೀರ ನನ್ನ ದೊಡ್ಡಣ್ಣ ಹೊನ್ನಪ್ಪ. ರಜತವೀರ ನನ್ನ ಚಿಕ್ಕಣ್ಣ ಬೆಳ್ಳಪ್ಪ. ನಾನು ಪುಟ್ಟಿ.

ನನ್ನ ಮಗಳಿಗೆ ಇದುವರೆಗೆ ಈ ಮಾತು ತಿಳಿದಿರಲಿಲ್ಲ. ಅಮ್ಮ ಮನೆಯಲ್ಲಿ ಆ ಹೆಸರುಗಳನ್ನು ಎತ್ತಲು ಬಿಡುತ್ತಿರಲಿಲ್ಲ. ಈಗ ಅವರೇ ನನ್ನ ಮುಂದೆ ಕೂತು, “ಬರಿ, ನಾನ್ ಹೇಳ್ತೀನಿ, ಒಂದಕ್ಷರ ಬಿಡ್ಬೇಡ” ಎನ್ನುತ್ತಿದ್ದಾರೆ. ಬರೆಯುತ್ತೇನೆ.

ಅಣ್ಣಂದಿರು ಹುಟ್ಟಿದ ವರ್ಷ ಕೆರೆ ತುಂಬಿ ಕೋಡಿ ಬಿದ್ದಿತ್ತು. ಏರಿ ಒಡೆಯಬಾರದೆಂದು ನಮ್ಮ ತಂದೆ ಎರಡು ದಿನದಿಂದ ಕೋಡಿಯ ಹತ್ತಿರವೇ ಇದ್ದರು. ಅಮ್ಮ ಏರಿಯ ಮೇಲಿನ ಗುಡಿಸಲಲ್ಲಿ ಒಬ್ಬರೇ. ನೋವು ಬಂದಾಗ ದಾರಿಯಲ್ಲಿ ಹೋಗುತ್ತಿದ್ದವರ ಕೈಲಿ ಊರೊಳಗಿನ ಸೂಲಗಿತ್ತಿಗೆ ಹೇಳಿಕಳಿಸಿದರು. ಪಟೇಲರ ಮನೆಯಲ್ಲಿ ಏನೋ ಶುಭಕಾರ್ಯವೆಂದು ಆಕೆ ಬರಲಿಲ್ಲ. ಊರಾಚೆಯ ಕೇರಿಯಿಂದ ಮರಿಯಪ್ಪನ ತಾಯಿ ಸೊಂಟದ ಮಟ್ಟದ ನೀರಿನಲ್ಲಿ ಹಾದು ಬಂದರು. ಹೊನ್ನಣ್ಣ ಕಾಲು ಮುಂದಾಗಿ ಬಂದ. ಮಧ್ಯಾಹ್ನದವರೆಗೂ ಅಮ್ಮ ತೂಬಿನ ಹಗ್ಗ ಕಚ್ಚಿಕೊಂಡು ಮಲಗಿದ್ದರು. ಆ ಹಗ್ಗದಲ್ಲಿ ಹಲ್ಲಿನ ಗುರುತು ಬಹಳ ದಿನ ಇತ್ತಂತೆ. ಬೆಳ್ಳಣ್ಣ ಹೊತ್ತು ಇಳಿದ ಮೇಲೆ ಹುಟ್ಟಿದ, ಅಳಲಿಲ್ಲ. ಮರಿಯಪ್ಪನ ತಾಯಿ ಅವನ ಕಾಲು ಹಿಡಿದು ತಲೆಕೆಳಗು ಮಾಡಿ ಬೆನ್ನಿಗೆ ಹೊಡೆದರು, ಮುಖಕ್ಕೆ ಕೆರೆಯ ನೀರು ಎರಚಿದರು. ಆಗ ಅತ್ತ. ಹೊಕ್ಕುಳ ಬಳ್ಳಿ ಕೊಯ್ದದ್ದು ನಮ್ಮ ತಂದೆಯ ಕುಡುಗೋಲಿನಿಂದ. ಕೆರೆಗೂ ಆ ಮಕ್ಕಳಿಗೂ ಇದ್ದ ಸಂಬಂಧ ಅಷ್ಟೇ. ತಾವರೆ ಇರಲಿಲ್ಲ. ಮರಡಿಕೆರೆಯಲ್ಲಿ ತಾವರೆ ಬೆಳೆಯುವುದೇ ಇಲ್ಲ. ಅದು ನಿಮಗೂ ಗೊತ್ತು.

ಇಬ್ಬರಿಗೆ ಹಾಲು ಸಾಲುತ್ತಿರಲಿಲ್ಲ. ಒಬ್ಬನಿಗೆ ಕೊಟ್ಟರೆ ಇನ್ನೊಬ್ಬ ಅಳುತ್ತಿದ್ದ. ಅಮ್ಮ ಬಾಣಂತನದಲ್ಲೇ ನಿಮ್ಮ ಮನೆಯ ಕಣದಲ್ಲಿ ರಾಗಿ ಕೇರಿದರು. ಸೂತಕದ ಸೋಂಕಿಲ್ಲದ ಜನನ ಎಂದು ನೀವು ಬರೆದದ್ದನ್ನು ನಾನು ಅವರಿಗೆ ಬಿಡಿಸಿ ಹೇಳಬೇಕಾಯಿತು. ಅವರು, “ಹಂಗಾದ್ರೆ ನಾನು ಮೈಲಿಗೆ. ಅದ್ಕೇ ತೆಗೆದಾಕವ್ನೆ” ಎಂದರು.

ಊರು ಸಾಕಲಿಲ್ಲ. ತಂದೆ ತೂಬಿನ ಹತ್ತಿರ ಹಾವು ಕಚ್ಚಿ ಸತ್ತಾಗ ಅಣ್ಣಂದಿರಿಗೆ ಇನ್ನೂ ಮೀಸೆ ಬಂದಿರಲಿಲ್ಲ. ಮಾರನೆಯ ದಿನದಿಂದ ಅವರೇ ನೀರಿಗಿಳಿದು ತೂಬು ಎತ್ತಿದರು. ನಿಮ್ಮ ಗದ್ದೆಗೂ ಅವರೇ ನೀರು ಬಿಟ್ಟರು. ಊರನ್ನು ಅವರು ಸಾಕಿದರು.

ಆ ಸಾಲು ತೆಗೆಯಿರಿ. ಅಂಜನಮ್ಮನ ಮಕ್ಕಳು ಎಂದು ಬರೆಯಿರಿ. ನಮಗೆ ಬೇಕಾದದ್ದು ಅಷ್ಟೇ.

ಪುಟ್ಟಲಕ್ಷ್ಮಿ


ಮರಡಿಕೆರೆ
25 ಜುಲೈ 1972

ತಂಗಿ ಪುಟ್ಟಲಕ್ಷ್ಮಿಗೆ,

ಪುಟ್ಟಿಯೆಂದರೆ ನೀನೇ ಎಂದು ತಿಳಿದು ಕಣ್ಣು ತುಂಬಿ ಬಂತು. ಅಂಜನಮ್ಮನವರು ಇನ್ನೂ ಬದುಕಿದ್ದಾರೆಂದು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವರು ಊರು ಬಿಟ್ಟು ಹೋದ ಮೇಲೆ ಏನಾದರೆಂದು ನಾವು ವಿಚಾರಿಸಿದೆವು, ಸುದ್ದಿ ಸಿಗಲಿಲ್ಲ. ಇದು ದೈವಸಂಕಲ್ಪ.

ನಿನ್ನ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ನೀನು ಸ್ವಲ್ಪ ದೂರದಿಂದ ನೋಡಬೇಕು. ಈ ಕಥೆ ಈಗ ನಿನ್ನ ಮನೆಯದೂ ಅಲ್ಲ, ನನ್ನದೂ ಅಲ್ಲ. ರಸ್ತೆಯ ಪಕ್ಕ ಸ್ಮಾರಕದ ಕೆಲಸ ಶುರುವಾದಾಗಿನಿಂದ ಮಕ್ಕಳಿಲ್ಲದ ಹೆಂಗಸರು ಬಂದು ಅಲ್ಲಿ ತೊಟ್ಟಿಲು ಕಟ್ಟುತ್ತಿದ್ದಾರೆ. ನಾಟಕದ ತಾಲೀಮು ನೋಡಿದವರು ಅಳುತ್ತಾರೆ. ಹೆಸರಿಲ್ಲದ ಈ ಊರಿಗೆ ಈಗ ಒಂದು ಹೆಸರು ಬಂದಿದೆ. ನೀರುಗಂಟಿಯ ಮಕ್ಕಳು ಎಂದ ಕೂಡಲೇ ಜನ ಯಾವ ಜಾತಿ ಎನ್ನುತ್ತಾರೆ, ಹೆತ್ತವಳು ಏಕೆ ಊರು ಬಿಟ್ಟಳು ಎನ್ನುತ್ತಾರೆ, ಒಂದೊಂದು ಬೀದಿ ಒಂದೊಂದು ಮಾತು ಎತ್ತುತ್ತದೆ. ದೇವರ ಮಕ್ಕಳು ಎಂದರೆ ಎಲ್ಲರೂ ಕೈಮುಗಿಯುತ್ತಾರೆ. ಯೋಚಿಸು.

ಸಮಿತಿಯ ಅಧ್ಯಕ್ಷರಾದ ರೇವಣಸಿದ್ದಪ್ಪನವರೊಂದಿಗೆ ಮಾತಾಡಿದ್ದೇನೆ. ಎರಡನೆಯ ಮುದ್ರಣದಲ್ಲಿ ಅಂಜನಮ್ಮನವರನ್ನು ವೀರರ ಸಾಕುತಾಯಿ ಎಂದು ಸೇರಿಸಲು ಅವರು ಒಪ್ಪಿದ್ದಾರೆ. ತಾವರೆಯಿಂದ ಎತ್ತಿಕೊಂಡ ಪುಣ್ಯವತಿ ಎಂದು. ಹದಿನೈದರಂದು ವೇದಿಕೆಯ ಮೇಲೆ ಶಾಲು ಹೊದಿಸಿ ಸನ್ಮಾನ ಮಾಡುತ್ತಾರೆ. ಸರ್ಕಾರ ಈ ವರ್ಷ ಹೋರಾಟಗಾರರ ಕುಟುಂಬಗಳಿಗೆ ಪಿಂಚಣಿ ಕೊಡುವ ಸುದ್ದಿಯಿದೆ. ನಿಮ್ಮ ಕಷ್ಟ ನಾನು ಊಹಿಸಬಲ್ಲೆ. ಅದಕ್ಕೂ ಬೇಕಾದರೆ ನಾನು ಓಡಾಡುತ್ತೇನೆ.

ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು. ಅವರ ಕೈಯ ಮುದ್ದೆಯನ್ನು ನಾನು ಮರೆತಿಲ್ಲ.

ನಿನ್ನ ಅಣ್ಣನಂತಿರುವ,
ಶಿವಬಸಪ್ಪ


ಕಾಮಾಕ್ಷಿಪಾಳ್ಯ
30 ಜುಲೈ 1972

ಶಿವಬಸಪ್ಪನವರೇ,

ಅಣ್ಣನಂತಿರುವ ಎಂದು ಇನ್ನೊಮ್ಮೆ ನನಗೆ ಬರೆಯಬೇಡಿ. ನನಗಿದ್ದ ಅಣ್ಣಂದಿರು ಇಬ್ಬರೇ.

ಸಾಕುತಾಯಿ ಎಂಬ ಮಾತನ್ನು ನಾನು ಅಮ್ಮನಿಗೆ ಓದಿ ಹೇಳಿಲ್ಲ. ಶಾಲು ಹೊದಿಸುತ್ತಾರೆ, ಕರೆದಿದ್ದಾರೆ ಎಂದಷ್ಟೇ ಹೇಳಿದೆ. ಈ ಪತ್ರ ಬರೆಯುತ್ತಿರುವುದೂ ಅವರಿಗೆ ಗೊತ್ತಿಲ್ಲ. ಕೆಲವು ಮಾತು ಬರೆಯಬೇಡ ಎಂದು ಅವರು ನನ್ನಿಂದ ಮೊದಲೇ ಆಣೆ ಹಾಕಿಸಿಕೊಂಡಿದ್ದರು. ಪಿಂಚಣಿಯ ಮಾತು ಓದಿದ ಮೇಲೆ ಆ ಆಣೆ ಮುರಿಯುತ್ತಿದ್ದೇನೆ. ಮೂವತ್ತು ವರ್ಷ ಮಿಲ್ಲಿನಲ್ಲಿ ಹತ್ತಿ ಕುಡಿದ ಹೆಂಗಸು ಅವರು. ನಿಮ್ಮ ಓಡಾಟ ನಮಗೆ ಬೇಡ.

ನನಗೆ ಆಗ ಒಂಬತ್ತು ವರ್ಷ. ಎಲ್ಲಾ ನೆನಪಿದೆ.

ಬಾವುಟ ನಮ್ಮ ಗುಡಿಸಲಲ್ಲಿ ತಯಾರಾಯಿತು. ಬಟ್ಟೆ ನಮ್ಮ ತಂದೆಯ ಪಂಚೆ. ಹಸಿರಿಗೆ ಅವರೆ ಸೊಪ್ಪು ಅರೆದವರು ನಮ್ಮಣ್ಣಂದಿರು. ಕೇಸರಿಗೆ ಅರಿಶಿನಕ್ಕೆ ಚಿಟಿಕೆ ಸುಣ್ಣ ಕಲಸಿದವರು ನೀವು. ನಡುವೆ ಇದ್ದಿಲಿನಲ್ಲಿ ಚರಕ ಬರೆದವರೂ ನೀವು. ನಮ್ಮಣ್ಣಂದಿರಿಗೆ ಬರೆಯಲು ಬರುತ್ತಿರಲಿಲ್ಲ. ನೀವು ಪಟೇಲ ಗುರುಬಸಪ್ಪನವರ ಮಗ, ತಾಲ್ಲೂಕಿನ ಶಾಲೆಯಲ್ಲಿ ಓದಿದವರು. ಯಾರಿಗೂ ಕಾಣದಂತೆ ನಮ್ಮ ಮನೆಗೆ ಬಂದು ಉಣ್ಣುತ್ತಿದ್ದಿರಿ. ಗಾಂಧಿಯ ಮಾತು ಹೇಳಿಕೊಟ್ಟವರು ನೀವು. ಚಾವಡಿಯ ಹೆಂಚಿನ ಮೇಲೆ ಹತ್ತಿದವರು ಮೂವರು.

ಪೊಲೀಸರು ಬಂದಾಗ ಊರಿನವರನ್ನೆಲ್ಲ ಚಾವಡಿಯ ಮುಂದೆ ನಿಲ್ಲಿಸಿದರು. ಮೂವರನ್ನು ಕಂಡವರಿದ್ದಾರೆ, ಹೇಳಿ ಎಂದರು. ನಿಮ್ಮ ತಂದೆ ಕೈ ಎತ್ತಿ ಏರಿಯ ಕಡೆ, ನಮ್ಮ ಗುಡಿಸಲ ಕಡೆ ತೋರಿಸಿದರು. ನಾನು ಅಮ್ಮನ ಸೆರಗು ಹಿಡಿದು ಅಲ್ಲೇ ನಿಂತಿದ್ದೆ. ಅಣ್ಣಂದಿರನ್ನು ಎಳೆದು ತಂದು ಮೂರನೆಯವನು ಯಾರು ಎಂದು ಬಂದೂಕಿನ ಹಿಡಿಯಲ್ಲಿ ಹೊಡೆದರು. ಹೊನ್ನಣ್ಣ, “ನಾವಿಬ್ರೇ” ಎಂದ. ಮತ್ತೆ ಹೊಡೆದರು. ಬೆಳ್ಳಣ್ಣನೂ, “ನಾವಿಬ್ರೇ” ಎಂದ. ತಪ್ಪಿಸಿಕೊಂಡು ಏರಿಯ ಕಡೆ ಓಡಿದಾಗ ಗುಂಡು ಹಾರಿಸಿದರು. ಅವರು ಎದೆಯೊಡ್ಡಲಿಲ್ಲ ಶಿವಬಸಪ್ಪನವರೇ. ಬೆನ್ನಿಗೆ ಬಿತ್ತು. ಹತ್ತೊಂಬತ್ತು ವರ್ಷದ ಹುಡುಗರು, ಬದುಕಬೇಕೆಂದು ಓಡಿದರು.

ಬೆಳ್ಳಣ್ಣ ಅಲ್ಲೇ ಹೋದ. ಹೊನ್ನಣ್ಣ ಸಂಜೆಯವರೆಗೂ ಇದ್ದ. ಅಮ್ಮ ನಿಮ್ಮ ಬಾಗಿಲಿಗೆ ಬಂದು, “ಗಾಡಿ ಕೊಡ್ರಪ್ಪ, ಒಬ್ಬನಿಗೆ ಇನ್ನೂ ಉಸುರೈತೆ” ಎಂದು ಬಡಿದರು. ಯಾರೂ ತೆಗೆಯಲಿಲ್ಲ. ಬೇರೆ ಯಾವ ಮನೆಯೂ ತೆಗೆಯಲಿಲ್ಲ. ಹೆಣ ಹೊರಲು ಜನ ಬರಲಿಲ್ಲ. ಮರಿಯಪ್ಪ ಒಬ್ಬರೇ ಬಂದು ಗುಂಡಿ ತೋಡಿದರು. ಅವರೂ ಅಮ್ಮನೂ ಸೇರಿ ಮಣ್ಣು ಮಾಡಿದರು. ಆಮೇಲೆ ನಿಮ್ಮ ತಂದೆ ಆಳು ಕಳಿಸಿ, ನೀವಿದ್ದರೆ ಊರಿಗೆ ತೊಂದರೆ, ಗುಡಿಸಲು ಬಿಡಿ ಎಂದರು.

ಈಗ ತಿಳಿಯಿತು ನಿಮಗೆ ತಾವರೆ ಏಕೆ ಬೇಕೆಂದು. ತಾಯಿಯಿದ್ದರೆ ಅವಳು ಎಲ್ಲಿ ಎಂದು ಜನ ಕೇಳುತ್ತಾರೆ. ಅವಳನ್ನು ಓಡಿಸಿದವರು ಯಾರು ಎಂದು ಕೇಳುತ್ತಾರೆ. ಸ್ವರ್ಗದಿಂದ ಇಳಿದವರಿಗೆ ಗಾಡಿ ಬೇಡ.

ನಾವು ಹದಿನೈದರಂದು ಬರುತ್ತೇವೆ.

ಪುಟ್ಟಲಕ್ಷ್ಮಿ


ಮರಡಿಕೆರೆ
7 ಆಗಸ್ಟ್ 1972

ಶ್ರೀಮತಿ ಪುಟ್ಟಲಕ್ಷ್ಮಿಯವರಿಗೆ,

ಪತ್ರ ತಲುಪಿತು. ಆ ದಿನದ ಬಗ್ಗೆ ನಾನು ಏನನ್ನೂ ಬರೆಯಲಾರೆ. ನೀವು ಬರೆದದ್ದನ್ನು ದಯವಿಟ್ಟು ಬೇರೆ ಯಾರಿಗೂ ಬರೆಯಬೇಡಿ. ನನ್ನ ತಂದೆ ತೀರಿಹೋಗಿ ಹತ್ತು ವರ್ಷವಾಯಿತು.

ಸಮಾರಂಭದ ಏರ್ಪಾಟು ಈಗ ನನ್ನ ಕೈಯಲ್ಲಿಲ್ಲ. ಅಮ್ಮನವರ ಹೆಸರು ಕಾರ್ಯಕ್ರಮದ ಹಾಳೆಯಲ್ಲಿ ಅಚ್ಚಾಗಿದೆ. ವಯಸ್ಸಾದವರಿಗೆ ಬಸ್ಸಿನ ಪ್ರಯಾಣ ತ್ರಾಸ. ಬರದಿದ್ದರೆ ಒಳ್ಳೆಯದು.

ಶಿವಬಸಪ್ಪ


ಕಾಮಾಕ್ಷಿಪಾಳ್ಯ
19 ಆಗಸ್ಟ್ 1972

ಶಿವಬಸಪ್ಪನವರೇ,

ಹೆಡ್‌ಮಾಸ್ಟರಿಗೆ ಜ್ವರ ಎಂದು ನಿಮ್ಮ ಊರಿನವರು ಹೇಳಿದರು. ನಿಮ್ಮ ಮನೆಯ ಮುಂದೆ ಹಾದಾಗ ನಿಮ್ಮ ಹೆಂಡತಿ ಬಾಗಿಲಲ್ಲಿ ನಿಂತು, ಮಲಗಿದ್ದಾರೆ ಎಂದರು. ನಿಮ್ಮ ನಾಟಕದ ದಿನ ನೀವಿರಲಿಲ್ಲ. ಆದ್ದರಿಂದ ಅಲ್ಲಿ ನಡೆದದ್ದನ್ನು ನಾನೇ ಬರೆಯಬೇಕಾಗಿದೆ. ರೇವಣಸಿದ್ದಪ್ಪನವರು ಬೇರೆ ರೀತಿ ಹೇಳಿರುತ್ತಾರೆ.

ಮೆಜೆಸ್ಟಿಕ್ಕಿನಿಂದ ಬೆಳಗಿನ ಬಸ್ಸು ಹತ್ತಿ ಬಂದೆವು. ರಸ್ತೆಯ ಪಕ್ಕದ ಸ್ಮಾರಕವನ್ನು ಅಮ್ಮ ಸುತ್ತಲೂ ನೋಡಿದರು. ಸಿಮೆಂಟಿನ ತಾವರೆ, ಅದರ ಮೇಲೆ ಎರಡು ಬಿಳಿ ಮಕ್ಕಳು, ಕಿರೀಟ ಬೇರೆ. ನಮ್ಮಣ್ಣಂದಿರು ಕಪ್ಪಗಿದ್ದರು. ಅಲ್ಲಿ ತೊಟ್ಟಿಲು ಕಟ್ಟಲು ಬಂದಿದ್ದ ಕಲ್ಯಾಣಮ್ಮ ಎಂಬ ಹೆಂಗಸು, “ಕೈಮುಗೀರಮ್ಮ, ಸತ್ಯವಾದ ದೇವ್ರು” ಎಂದಳು. ಅಮ್ಮನಿಗೆ ಅವಳ ಮುಖ ನೋಡಿ ಸಿಟ್ಟು ಬರಲಿಲ್ಲವಂತೆ.

ಸಮಾರಂಭ ಏರಿಯ ಕೆಳಗಿನ ಬಯಲಿನಲ್ಲಿ. ಚಪ್ಪರದ ಹೊರಗೆ, ಬಿಸಿಲಿನಲ್ಲಿ, ಮರಿಯಪ್ಪ ಕೂತಿದ್ದರು. ಒಳಗೆ ಅವರಿಗೆ ಜಾಗ ಕೊಟ್ಟಿರಲಿಲ್ಲ. ಅಮ್ಮನ ದನಿ ಕೇಳಿ ಗುರುತು ಹಿಡಿದರು. ಇಬ್ಬರೂ ಪಕ್ಕಪಕ್ಕದಲ್ಲಿ ಕೂತರು. ಮೊದಲು ಭಾಷಣ, ಆಮೇಲೆ ನಿಮ್ಮ ನಾಟಕ. ನಾಟಕ ಮುಗಿದ ಮೇಲೆ ರೇವಣಸಿದ್ದಪ್ಪನವರು ಮೈಕಿನಲ್ಲಿ, ವೀರರನ್ನು ತಾವರೆಯಿಂದ ಎತ್ತಿಕೊಂಡ ಸಾಕುತಾಯಿ ಅಂಜನಮ್ಮನವರು ವೇದಿಕೆಗೆ ಬರಬೇಕು ಎಂದರು.

ಸಾಕುತಾಯಿ ಎಂಬ ಮಾತನ್ನು ಅಮ್ಮ ಮೊದಲ ಸಲ ಕೇಳಿದ್ದು ಆಗ. ನನ್ನ ಕಡೆ ತಿರುಗಿ ನೋಡಿದರು. ನಾನು ತಲೆ ತಗ್ಗಿಸಿದೆ. ಅವರು ಎದ್ದು ನೆಟ್ಟಗೆ ನಡೆದರು. ವೇದಿಕೆಯ ಮೆಟ್ಟಿಲ ಹತ್ತಿರ ಹೋಗಿ ನಿಂತರು. ಅಲ್ಲೊಂದು ಹೊಂಗೆ ಮರ, ಅದರ ಬುಡಕ್ಕೆ ವೇದಿಕೆಯ ಬಿದಿರಿನ ಗಳು ಕಟ್ಟಿದ್ದರು. ಅಮ್ಮ ಮರ ನೋಡಿದರು, ಏರಿ ನೋಡಿದರು, ನೆಲ ನೋಡಿದರು. ಯಾರೋ ಮೇಲಿನಿಂದ ಕೈ ಚಾಚಿ, ಹತ್ತಮ್ಮ ಎಂದರು.

“ಹತ್ತಲ್ಲ,” ಎಂದರು ಅಮ್ಮ. “ಇದರ ಕೆಳಗೆ ನನ್ನ ಮಕ್ಳು ಮಲಗವ್ರೆ. ಅವರ ಎದೆ ಮೇಲೆ ನಾನು ಕಾಲಿಡಲ್ಲ.”

ಮೈಕು ಹತ್ತಿರದಲ್ಲೇ ಇತ್ತು. ಬಯಲಿಗೆಲ್ಲ ಕೇಳಿಸಿತು. ಅಜ್ಜಿಗೆ ವಯಸ್ಸಾಗಿದೆ, ಮರೆವು ಎಂದು ರೇವಣಸಿದ್ದಪ್ಪನವರು ನಗಲು ನೋಡಿದರು. ಆಗ ಮರಿಯಪ್ಪ ಹಿಂದಿನಿಂದ ಎದ್ದು ಬಂದರು. “ಗುಂಡಿ ತೋಡ್ದೋನು ನಾನು. ಈ ಹೊಂಗೆ ಬುಡದಿಂದ ಎರಡು ಮಾರು. ಅನುಮಾನ ಇದ್ರೆ ಅಗೆದು ನೋಡಿ. ಹೆತ್ತೋಳು ಇವಳೇ, ಸೂಲಗಿತ್ತಿ ನಮ್ಮವ್ವ” ಎಂದರು.

ಸಮಾಧಿ ಎಲ್ಲಿದೆ ಎಂದು ನಿಮ್ಮ ಸಮಿತಿಗೆ ಗೊತ್ತಿರಲಿಲ್ಲ. ಹೇಗೆ ಗೊತ್ತಿರಬೇಕು? ಅಂದು ಯಾರೂ ಬಂದಿರಲಿಲ್ಲವಲ್ಲ. ವೀರರ ಮೇಲೆಯೇ ಹಲಗೆ ಹಾಸಿ ಮಕ್ಕಳನ್ನು ಕುಣಿಸಿದರು.

ಒಬ್ಬ ಮರಿಯಪ್ಪನವರ ತೋಳು ಹಿಡಿದು ಆಚೆ ತಳ್ಳಲು ಹೋದ. ಮೈಕಿನವನು ಜೋರಾಗಿ ಹಾಡು ಹಾಕಿದ. ಅತಿಥಿಗಳು ಎದ್ದು ಚಪ್ಪಲಿ ಹುಡುಕತೊಡಗಿದರು. ನಾನು ಏನು ಮಾಡಿದೆನೆಂದು ರೇವಣಸಿದ್ದಪ್ಪನವರು ದೂರು ಹೇಳಿರಬಹುದು. ಹೌದು, ಮೆಟ್ಟಿಲು ಹತ್ತಿ ಅವರ ಕೈಯಿಂದ ಶಾಲು ಕಿತ್ತುಕೊಂಡೆ, ತಂದು ಮರಿಯಪ್ಪನವರ ಹೆಗಲಿಗೆ ಹೊದಿಸಿದೆ. ನಿಮ್ಮ ಊರಿನವರ ಮುಂದೆ ಕೂಗಾಡಿದೆ. ಏನೇನು ಅಂದೆನೋ ಎಲ್ಲಾ ನೆನಪಿಲ್ಲ. ನಿಮ್ಮ ಹೆಸರು ಮಾತ್ರ ಹೇಳಲಿಲ್ಲ. ಹೇಳಬೇಕೆಂದು ಬಾಯಿ ತೆರೆದಾಗ ಅಮ್ಮ ನನ್ನ ಕೈ ಹಿಂಡಿದರು.

ಹಾಡು ಹಾಕಿದ್ದರೂ ಹೆಂಗಸರು ಎದ್ದು ಹೋಗಲಿಲ್ಲ. ಆ ಕಲ್ಯಾಣಮ್ಮ ಬಂದು ಅಮ್ಮನ ಕಾಲ ಬಳಿ ಕೂತು, “ಯಾವ ಹೊತ್ನಲ್ಲಿ ಹೆತ್ರಿ ಅಮ್ಮ? ಬಾಳ ನೋವಾಯ್ತಾ?” ಎಂದು ಕೇಳಿದಳು. ಇಷ್ಟು ವರ್ಷದಲ್ಲಿ ನಿಮ್ಮ ಊರಿನವರು ಯಾರೂ ಕೇಳದ ಮಾತು. ಅಮ್ಮ ಹೇಳಿದರು. ಹೆಂಗಸರೆಲ್ಲ ಸುತ್ತ ಕೂತು ಕೇಳಿದರು. ಬಸ್ಸಿನ ಹೊತ್ತಾಯಿತೆಂದು ನಾನೇ ಎಬ್ಬಿಸಬೇಕಾಯಿತು.

ಬಸ್ಸಿನಲ್ಲಿ ಅಮ್ಮ ನನ್ನ ಪಕ್ಕ ಬಿಟ್ಟು ಮುಂದಿನ ಸೀಟಿನಲ್ಲಿ ಕೂತರು. ಸಾಕುತಾಯಿ ಎಂಬುದನ್ನು ಮುಚ್ಚಿಟ್ಟದ್ದಕ್ಕೆ ನನ್ನ ಮೇಲೂ ಸಿಟ್ಟಿದೆ.

ಪುಟ್ಟಲಕ್ಷ್ಮಿ


ಮರಡಿಕೆರೆ
2 ಸೆಪ್ಟೆಂಬರ್ 1972

ಪುಟ್ಟಲಕ್ಷ್ಮಿಯವರಿಗೆ,

ವೇದಿಕೆ ಬಿಚ್ಚಿಸಿದ್ದಾರೆ. ಹೊಂಗೆ ಮರದ ಹತ್ತಿರ ನಾಲ್ಕು ಕಲ್ಲು ನೆಟ್ಟು ಬೇಲಿ ಹಾಕಬೇಕೆಂದು ಹೆಂಗಸರು ಹಟ ಹಿಡಿದಿದ್ದಾರೆ. ರೇವಣಸಿದ್ದಪ್ಪನವರು ಒಪ್ಪಿಲ್ಲ, ಆದರೆ ಕಲ್ಲುಗಳು ಬಂದು ಬಿದ್ದಿವೆ. ಸಿಮೆಂಟಿನ ತಾವರೆ ಇದ್ದಲ್ಲೇ ಇದೆ.

ಪುಸ್ತಕದ ಬಗ್ಗೆ ಕೇಳಬೇಡಿ. ಎರಡನೆಯ ಮುದ್ರಣದ ಹಾಳೆಗಳು ನನ್ನ ಮೇಜಿನ ಮೇಲಿವೆ. ಇನ್ನೂ ಕಳಿಸಿಲ್ಲ. ಹಸುವಿನ ಭಾಗ ಹೊಡೆದು ಹಾಕಿದ್ದೇನೆ. ಅದರಾಚೆಗೆ ಕೈ ಓಡುತ್ತಿಲ್ಲ.

ನೀವು ನನ್ನನ್ನು ಸುಳ್ಳುಗಾರ ಎನ್ನುತ್ತೀರಿ. ಮಕ್ಕಳಿಗೆ ಹೇಳಿ ಹೇಳಿ ನಾನು ಅದನ್ನು ನಂಬಿದ್ದೆ. ಅವರು ದೇವರ ಮಕ್ಕಳಾಗಿದ್ದರೆ ಅವರಿಗೆ ನೋವಾಗಿರಲಿಲ್ಲ, ಬಂದ ಕೆಲಸ ಮುಗಿಸಿ ಹೋದರು. ಮನುಷ್ಯರ ಮಕ್ಕಳಾಗಿದ್ದರೆ... ಬಿಡಿ.

ಒಂದು ಮಾತು ಕೇಳಬೇಕಾಗಿದೆ. ಕೇಳುವ ಹಕ್ಕು ಇದೆಯೋ ಇಲ್ಲವೋ ತಿಳಿಯದು. ಹೊನ್ನಪ್ಪ ಸಂಜೆಯವರೆಗೂ ಇದ್ದ ಎಂದು ಬರೆದಿದ್ದಿರಿ. ಇದು ನನಗೆ ಗೊತ್ತಿರಲಿಲ್ಲ. ಒಳಗಿನ ಕೋಣೆಯಲ್ಲಿದ್ದ ನನಗೆ ಬಾಗಿಲು ಬಡಿದದ್ದು ಕೇಳಿಸಿತ್ತು, ಮಾತು ಕೇಳಿಸಿರಲಿಲ್ಲ. ಇಬ್ಬರೂ ಅಲ್ಲೇ ಹೋದರೆಂದು ನನ್ನ ತಂದೆ ಹೇಳಿದ್ದರು. ಅಷ್ಟು ಹೊತ್ತಿನಲ್ಲಿ ಅವನು ನನ್ನ ಬಗ್ಗೆ ಏನಾದರೂ ಅಂದನೇ? ಬೈದಿದ್ದರೂ ಸರಿ. ಅಮ್ಮನವರನ್ನು ಕೇಳಿ ಬರೆಯಿರಿ.

ಶಿವಬಸಪ್ಪ


ಕಾಮಾಕ್ಷಿಪಾಳ್ಯ
10 ಸೆಪ್ಟೆಂಬರ್ 1972

ಶಿವಬಸಪ್ಪನವರೇ,

ನಿಮ್ಮ ಪತ್ರವನ್ನು ಅಮ್ಮನಿಗೆ ಪೂರ್ತಿ ಓದಿ ಹೇಳಿದೆ. ಈ ಸಲ ಏನನ್ನೂ ಬಿಡಲಿಲ್ಲ. ಜುಲೈನಲ್ಲಿ ನಾನು ಆಣೆ ಮುರಿದು ಬರೆದದ್ದನ್ನೂ ಹೇಳಿಬಿಟ್ಟೆ. ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ಎರಡು ದಿನ ಬಿಟ್ಟು ಇವತ್ತು ಬೆಳಿಗ್ಗೆ, “ಕೂತ್ಕೋ, ಬರಿ” ಎಂದರು. ಅವರು ಹೇಳಿದ್ದು ನನಗೂ ಹೊಸದು. ಅಂದು ಸಂಜೆ ನನ್ನನ್ನು ಮರಿಯಪ್ಪನವರ ಮನೆಗೆ ಕಳಿಸಿದ್ದರು.

ಹೊನ್ನಣ್ಣ ಮೊದಲು ನೀರು ಕೇಳಿದ. ಆಮೇಲೆ ಬೆಳ್ಳ ಎಲ್ಲಿ ಎಂದ. ಪಕ್ಕದಲ್ಲೇ ಮಲಗಿದ್ದಾನೆ, ನಿದ್ದೆ ಎಂದು ಅಮ್ಮ ಸುಳ್ಳು ಹೇಳಿದರು. ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡಿದ್ದು ಮತ್ತೆ ಅಮ್ಮನನ್ನು ಹತ್ತಿರ ಕರೆದು, “ಅವ್ವಾ, ಪಟೇಲ್ರ ಮನೇಗ್ ಹೋಗಿ ಶಿವೂಗ್ ಹೇಳು. ಪೊಲೀಸ್ರು ಇನ್ನೂ ಅವ್ರೆ, ಈಚೆಗ್ ಬರ್ಬೇಡ ಅನ್ನು. ನಾವ್ ಅವನ ಹೆಸ್ರು ಹೇಳಿಲ್ಲ ಅನ್ನು” ಎಂದ.

ಅಮ್ಮ ನಿಮ್ಮ ಬಾಗಿಲಿಗೆ ಬಂದದ್ದು ಗಾಡಿಗಾಗಿ ಮಾತ್ರ ಅಲ್ಲ. ಈ ಮಾತನ್ನೂ ತಂದಿದ್ದರು. ಬೀದಿಯಲ್ಲಿ ಪೊಲೀಸರಿದ್ದರು, ಕೂಗಿ ಹೇಳುವಂತಿರಲಿಲ್ಲ. ಅವರು ಹಿಂತಿರುಗಿ ಬರುವಷ್ಟರಲ್ಲಿ ಅವನು ಹೋಗಿದ್ದ.

ಮಗ ಕಾಪಾಡಿದ ಹೆಸರನ್ನು ತಾನು ಹಾಳು ಮಾಡಬಾರದು ಎಂದು ಅಮ್ಮ ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದರು. ಬಯಲಿನಲ್ಲಿ ನನ್ನ ಕೈ ಹಿಂಡಿದ್ದೂ ಅದಕ್ಕೇ. ನಿಮ್ಮ ಮೇಲಿನ ಮರುಕದಿಂದ ಅಂದುಕೊಳ್ಳಬೇಡಿ. ಅವನ ಮಾತು ಉಳಿಸಲು. ನನಗೆ ಅಂಥ ತಾಳ್ಮೆಯಿಲ್ಲ. ಇದನ್ನು ಬರೆಯುತ್ತಿದ್ದರೆ ನನಗೆ ಮೈ ಉರಿಯುತ್ತಿದೆ. ಸಾಯುವ ಹೊತ್ತಿನಲ್ಲೂ ನಿಮ್ಮನ್ನು ನೆನೆದ ಹುಡುಗನಿಗೆ ನೀವು ಒಬ್ಬ ತಾಯಿಯನ್ನೂ ಉಳಿಸಲಿಲ್ಲ.

ಇನ್ನೇನು ಬರೆಯಲಿ ಎಂದು ಅಮ್ಮನನ್ನು ಕೇಳಿದೆ. ಅವರು ಎದ್ದು ಸೆರಗು ಕೊಡವಿಕೊಂಡು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತಿದ್ದೇನೆ.

“ಪೊಲೀಸ್ರು ಹೋಗಿ ಮೂವತ್ ವರ್ಸ ಆಯ್ತು. ಈಗ್ಲಾದ್ರೂ ಈಚೆಗ್ ಬಾರಪ್ಪ ಅಂತ ಬರಿ.”

ಪುಟ್ಟಲಕ್ಷ್ಮಿ